ಕಲೆ ತೆಗೆದವರ ಚರಿತ್ರೆ

ಕಳೆದ ಯುಗಾದಿಯ ಊಟದ ಹೊತ್ತಿನಲ್ಲಿ, ರುವಿಯ ನಮ್ಮ ಮನೆಯಲ್ಲಿ, ಒಂದು ಸೌಟು ಸಾರು ಅಜ್ಜಿಯ ಧಾರೆಸೀರೆಯ ಮೇಲೆ ಚೆಲ್ಲಿತು. ಮೊಳಕಾಲ್ಮುರಿನ ಕೆನೆಬಣ್ಣದ ರೇಷ್ಮೆ. ಅರವತ್ತು ವರ್ಷ ಊರಿನ ಪೆಟ್ಟಿಗೆಯಲ್ಲಿ ಸುಖವಾಗಿದ್ದದ್ದು, ಮಸ್ಕತ್ತಿಗೆ ಬಂದ ಎರಡನೆಯ ವರ್ಷವೇ ಅರಿಶಿನದ ಕಲೆ ಹೊತ್ತುಕೊಂಡಿತು. ನೆಂಟರಿಷ್ಟರು ಹೊರಟ ಮೇಲೆ ನಾವು, ರಸಾಯನ ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು, ಬಚ್ಚಲಿನಿಂದ ಬ್ಲೀಚಿನ ಸೀಸೆ ತಂದು ಕಲೆಯ ಮೇಲೆ ಸುರಿದು ಮಲಗಿದೆವು. ಬೆಳಗಾಗುವಷ್ಟರಲ್ಲಿ ಕಲೆ ಹೋಗಿತ್ತು. ಕಲೆಯಿದ್ದ ಕಡೆ ಸೀರೆಯೂ ಹೋಗಿತ್ತು.

ಆ ಸೀಸೆಯಲ್ಲಿದ್ದುದು ಸೋಡಿಯಂ ಹೈಪೋಕ್ಲೋರೈಟ್. ಮಿಶ್ರ ನೂಲಿನ ಬಟ್ಟೆಯಲ್ಲಿ ರೇಷ್ಮೆ ಅಥವಾ ಉಣ್ಣೆ ಎಷ್ಟಿದೆ ಎಂದು ಅಳೆಯಲು ಪ್ರಯೋಗಶಾಲೆಗಳಲ್ಲಿ ಅವನ್ನು ಕರಗಿಸುವುದು ಇದೇ ದ್ರಾವಣದಿಂದ. ಇದು ನಮಗೆ ಚೆನ್ನಾಗಿ ಗೊತ್ತಿತ್ತು. ಆದರೆ ಗೊತ್ತಿದ್ದುದು ಪ್ರಯೋಗಶಾಲೆಯಲ್ಲಿ. ಮನೆಯಲ್ಲಿ ಅದು ನೆನಪಿಗೆ ಬರಲಿಲ್ಲ.

ಹರಿದ ಸೀರೆಯನ್ನು ಪೆಟ್ಟಿಗೆಗೆ ಮರಳಿಸುವಾಗ ಅಡಿಯಲ್ಲಿ ತಾತನ ಒಂದು ಪಂಚೆ ಸಿಕ್ಕಿತು. ಅದರ ಮೂಲೆಯಲ್ಲಿ ಎರಡು ಚುಕ್ಕೆ, ಒಂದು ಅಡ್ಡಗೀಟು, ಕಡುಕಪ್ಪು. ಊರಿನ ಮಡಿವಾಳರು ಹಾಕಿದ ಗುರುತು. ನೂರಾರು ಒಗೆತ ಕಂಡರೂ ಮಾಸಿಲ್ಲ. ಕಲೆ ತೆಗೆಯುವುದನ್ನೇ ಕಸುಬಾಗಿ ಉಳ್ಳವರು ತೆಗೆಯಲಾಗದ ಕಲೆಯನ್ನೂ ಬಲ್ಲವರಾಗಿದ್ದರು. ಅವರ ಚರಿತ್ರೆಯನ್ನು ಸ್ವಲ್ಪ ಹುಡುಕೋಣವೆನ್ನಿಸಿತು.

ಈ ಚರಿತ್ರೆಯ ಒಂದು ಹಳೆಯ ಪುಟ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ. ರುದ್ರಪಟ್ಟಣದ ಶಾಮಶಾಸ್ತ್ರಿಗಳು 1905ರಲ್ಲಿ ಅಲ್ಲಿನ ಓರಿಯೆಂಟಲ್ ಲೈಬ್ರರಿಯ ತಾಳೆಗರಿಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಅದರ ನಾಲ್ಕನೆಯ ಅಧಿಕರಣದಲ್ಲಿ ಅಗಸರಿಗೆ ಕಟ್ಟಳೆಗಳಿವೆ. ಬಟ್ಟೆಯನ್ನು ಮರದ ಹಲಗೆಯ ಮೇಲೆ ಅಥವಾ ನಯವಾದ ಕಲ್ಲಿನ ಮೇಲೆ ಒಗೆಯಬೇಕು. ಬೇರೆಡೆ ಒಗೆದು ಹಾಳು ಮಾಡಿದರೆ ನಷ್ಟ ತುಂಬಿಕೊಟ್ಟು ಆರು ಪಣ ದಂಡ ತೆರಬೇಕು. ಅಗಸನ ಸ್ವಂತ ಬಟ್ಟೆಗೆ ದೊಣ್ಣೆಯ ಗುರುತಿರಬೇಕು. ಗುರುತಿಲ್ಲದ ಬಟ್ಟೆ ತೊಟ್ಟರೆ ಮೂರು ಪಣ. ಗಿರಾಕಿಯ ಬಟ್ಟೆಯನ್ನು ಅವನು ತೊಟ್ಟು ತಿರುಗಬಹುದೆಂಬ ಶಂಕೆ ಇದಕ್ಕೆ ಕಾರಣ. ಅಂದು ಗುರುತು ಅವನ ಮೇಲಿನ ಅಪನಂಬಿಕೆಯಿಂದ ಬಂತು. ಮುಂದೆ ಅದೇ ಗುರುತು ಅವನ ಲೆಕ್ಕಪುಸ್ತಕವಾಯಿತು.

ಯಾವ ಬಟ್ಟೆಗೆ ಯಾವ ಮದ್ದು ಎಂಬ ಪಟ್ಟಿ ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿದೆ. ರೇಷ್ಮೆ ಮತ್ತು ಉಣ್ಣೆಗೆ ಚೌಳು ಮಣ್ಣು, ಕಂಬಳಿಗೆ ಅಂಟುವಾಳ, ನವುರಾದ ನಾರುಮಡಿಗೆ ಬಿಲ್ವದ ಕಾಯಿ, ಅಗಸೆನಾರಿನ ಬಟ್ಟೆಗೆ ಬಿಳಿಸಾಸಿವೆ. ಎಲ್ಲಕ್ಕೂ ಒಂದೇ ಮದ್ದಲ್ಲ, ನೂಲು ನೋಡಿ ಮದ್ದು ಎಂಬುದನ್ನು ಓದುಗರು ಗಮನಿಸಬೇಕು. ಆದರೆ ಅದೇ ಗ್ರಂಥದ ನಾಲ್ಕನೆಯ ಅಧ್ಯಾಯ ಬಟ್ಟೆ ಒಗೆಯುವವನ ಮನೆಯ ಅನ್ನವನ್ನು ಉಣ್ಣಕೂಡದೆಂದು ಹೇಳುತ್ತದೆ. ವಿದ್ಯೆ ಬೇಕು, ವಿದ್ಯೆ ಉಳ್ಳವನು ದೂರವಿರಬೇಕು! ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಿದೇವರು ಶರಣರ ಬಟ್ಟೆಯ ಗಂಟು ಹೊತ್ತು ತಲೆಯೆತ್ತಿ ನಡೆದುದರ ಬೆಲೆ ಇದನ್ನು ನೆನೆದಾಗ ತಿಳಿಯುತ್ತದೆ.

ಊರಿನ ಮಡಿವಾಳರ ಕೆಲಸವನ್ನು ರಸಾಯನ ಶಾಸ್ತ್ರದ ಕಣ್ಣಿನಿಂದ ನೋಡೋಣ. ಚೌಳು ಮಣ್ಣಿನಲ್ಲಿರುವುದು ಮುಖ್ಯವಾಗಿ ಸೋಡಿಯಂ ಕಾರ್ಬೋನೇಟ್, ಅಂದರೆ ನಮ್ಮ ಒಗೆಯುವ ಸೋಡಾ. ಅದರ ನೀರಿನಲ್ಲಿ ನೆನೆಸಿದ ಹತ್ತಿಬಟ್ಟೆಯನ್ನು ಉಬ್ಬೆಗೆ ಹಾಕಿದಾಗ ಬಿಸಿ ಹಬೆಯಲ್ಲಿ ಜಿಡ್ಡು ಕ್ಷಾರದೊಡನೆ ಸೇರಿ ಅಲ್ಲೇ ಸಾಬೂನಾಗುತ್ತದೆ. ಕೊಳೆ ತಾನೇ ತನ್ನನ್ನು ತೊಳೆಯುವ ಸಾಮಗ್ರಿಯಾಗುತ್ತದೆ. ಅಂಟುವಾಳದ ನೊರೆ ಸಪೋನಿನ್ ಎಂಬ ವಸ್ತುವಿನದು. ಅದು ಬಹಳ ಸೌಮ್ಯ, ಆದ್ದರಿಂದಲೇ ರೇಷ್ಮೆಗೂ ಉಣ್ಣೆಗೂ ಕೇಡಿಲ್ಲ. ಆ ಮರಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟ ಸಪಿಂಡಸ್ ಎಂಬ ಹೆಸರಿನ ಅರ್ಥವೇ ಇಂಡಿಯಾದ ಸಾಬೂನು.

ಗುರುತಿನ ಮಸಿ ಬಂದದ್ದು ಗೇರುಕಾಯಿಯಿಂದ. ಕರಾವಳಿಯ ಬಂಧುಗಳು ಇದನ್ನು ಗೋಡಂಬಿಯ ಗೇರೆಂದು ತಿಳಿಯಬಾರದು. ಇದು ಅದರ ದಾಯಾದಿ ಕರಿಗೇರು, ಸಂಸ್ಕೃತದ ಭಲ್ಲಾತಕ. ಕಾಯಿಯನ್ನು ಚುಚ್ಚಿ ರಸದಿಂದ ಗೀಟೆಳೆದು ಮೇಲೆ ಸುಣ್ಣ ಸವರುತ್ತಿದ್ದರು. ರಸದಲ್ಲಿರುವ ಫೀನಾಲ್ ಜಾತಿಯ ವಸ್ತುಗಳು ಸುಣ್ಣದ ಕ್ಷಾರದಲ್ಲಿ ಗಾಳಿಯ ಆಮ್ಲಜನಕವನ್ನು ಹೀರಿ, ಒಂದಕ್ಕೊಂದು ಹೆಣೆದುಕೊಂಡು ನೂಲಿನೊಳಗೇ ಕಪ್ಪು ಅಂಟಾಗುತ್ತವೆ. ಆಮೇಲೆ ನೀರಿಗೂ ಸಾಬೂನಿಗೂ ಜಗ್ಗುವುದಿಲ್ಲ. ಅಪರಾಧ ತನಿಖೆಯಲ್ಲಿ ಪೊಲೀಸರು ಈ ಗುರುತನ್ನು ಸಾಕ್ಷ್ಯವಾಗಿ ಬಳಸಿದ್ದುಂಟು. ಎರಡನೆಯ ಮಹಾಯುದ್ಧದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕನ್ ಸೈನಿಕರಿಗೆ ಅಂಗಿಯ ಗುರುತು ತಗುಲಿದಲ್ಲಿ ಚರ್ಮ ಬೆಂದಂತಾಗಿ, 1943ರಲ್ಲಿ ಅವರ ವೈದ್ಯರು ಅದನ್ನು ಹೊಸ ಚರ್ಮರೋಗವೆಂದು ವರದಿ ಮಾಡಿದರು. ದಿನವೂ ಆ ರಸ ಮುಟ್ಟುತ್ತಿದ್ದ ಕೈಗಳ ಗತಿ ಏನಾಗಿತ್ತೋ!

ಯೂರೋಪಿನಲ್ಲಿ ಆಗ ನಾರುಬಟ್ಟೆಯನ್ನು ಬಿಳಿ ಮಾಡಲು ತಿಂಗಳುಗಟ್ಟಲೆ ಹುಲ್ಲುಗಾವಲಿನಲ್ಲಿ ಹರವಿ, ಬೂದಿನೀರು, ಹುಳಿಹಾಲುಗಳಲ್ಲಿ ನೆನೆಸುತ್ತಿದ್ದರು. 1774ರಲ್ಲಿ ಸ್ವೀಡನ್ನಿನ ಷೀಲೆ ಕ್ಲೋರಿನ್ ಕಂಡುಹಿಡಿದ. 1785ರಲ್ಲಿ ಫ್ರಾನ್ಸಿನ ಬರ್ತೊಲೆ ಅದು ಬಣ್ಣ ಕಳೆಯುವುದನ್ನು ತೋರಿಸಿದ. 1799ರಲ್ಲಿ ಗ್ಲಾಸ್ಗೋವಿನ ಟೆನೆಂಟ್ ಬಿಳುಪುಪುಡಿ ಮಾಡಿದ. ತಿಂಗಳ ಕೆಲಸ ದಿನಗಳಿಗೆ ಇಳಿಯಿತು. 1888ರಲ್ಲಿ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು ಕಲ್ಕತ್ತೆಯ ಬಂದರಿಗೆ ಬಂದವು. ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ ಮೈಸೂರು ಸಂಸ್ಥಾನ 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ತೆಗೆಯಲಾರಂಭಿಸಿತು; 1918ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಯ ಸಾಬೂನು ಪೇಟೆಗೆ ಬಂತು. ಅದನ್ನು ರೂಪಿಸಿದ ಸೋಸಲೆ ಗರಳಪುರಿ ಶಾಸ್ತ್ರಿಗಳ ಹೆಸರನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ; ನೆನೆಯಬೇಕಾದ್ದೇ.

ನಾವು ಬಂದು ನೆಲಸಿರುವ ಈ ಒಮಾನಿಗೂ ತನ್ನದೇ ಆದ ಒಗೆತದ ಚರಿತ್ರೆಯಿದೆ. ಇಲ್ಲಿನ ಫಲಜ್ ಕಾಲುವೆಗಳಲ್ಲಿ ನೀರಿಗೆ ಸರದಿ ಉಂಟು: ಮೊದಲು ಕುಡಿಯಲು, ಅದರ ಕೆಳಗೆ ಸ್ನಾನ ಮತ್ತು ಒಗೆತ, ಆಮೇಲೆ ಖರ್ಜೂರದ ತೋಟ. 2006ರಲ್ಲಿ ಯುನೆಸ್ಕೋ ಇಂಥ ಐದು ಕಾಲುವೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಸೀಗೆಯ ಕೆಲಸವನ್ನು ಇಲ್ಲಿ ಸಿದ್ರ್ ಮರದ ಎಲೆಯ ಪುಡಿ ಮಾಡುತ್ತದೆ; ಅದು ನಮ್ಮ ಎಲಚಿಯ ಬಳಗದ ಮರ. ಅದರಲ್ಲೂ ಸಪೋನಿನ್ ಇದೆ. ಎರಡು ತೀರದ ಅಜ್ಜಿಯರು ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ವಸ್ತುವನ್ನು ಹುಡುಕಿಕೊಂಡಿದ್ದರು.

ಇಲ್ಲಿನ ಮನೆಗಳಲ್ಲಿ ಉಪಯೋಗಕ್ಕೆ ಬರುವ ಕೆಲವು ಮಾತು ಹೇಳುತ್ತೇವೆ. ಅರಿಶಿನದ ಕಲೆಗೆ ಸಾಬೂನು ತಾಗಿದರೆ ಕೆಂಪಾಗುತ್ತದೆ. ಆರತಿಯ ನೀರಿನಲ್ಲಿ ಅರಿಶಿನಕ್ಕೆ ಸುಣ್ಣ ಸೇರಿದಾಗ ಆಗುವುದೂ ಇದೇ. ಗಾಬರಿ ಬೇಡ. ಬಿಳಿ ಹತ್ತಿಬಟ್ಟೆಯಾದರೆ ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲದು, ಮಸ್ಕತ್ತಿನಲ್ಲಿ ಬಿಸಿಲಿಗೇನು ಕೊರತೆ? ಹಾಲು, ಮೊಟ್ಟೆ, ರಕ್ತದ ಕಲೆಗೆ ಮೊದಲು ತಣ್ಣೀರೇ ಆಗಬೇಕು. ಬಿಸಿನೀರು ಅದನ್ನು ಬೇಯಿಸಿ ಕಚ್ಚಿಸುತ್ತದೆ. ಬಿಳಿ ಹತ್ತಿಯ ಮೇಲಿನ ತುಕ್ಕಿಗೆ ನಿಂಬೆರಸ, ಉಪ್ಪು. ಕರಾವಳಿಯಲ್ಲಿ ಬಿಂಬುಳಿಯ ರಸ. ಉಣ್ಣೆಯ ಜಮಖಾನೆಯ ಮೇಲೆ ಕಹ್ವಾ ಚೆಲ್ಲಿದರೆ ಉಜ್ಜಬಾರದು. ಬಿಳಿ ಬಟ್ಟೆಯಿಂದ ಒತ್ತಿ ಹೀರಿಸಿ, ತಣ್ಣೀರು ಒತ್ತಿ, ಮತ್ತೆ ಹೀರಿಸಬೇಕು. ಸುಲ್ತಾನ್ ಖಾಬೂಸ್ ಮಹಾಮಸೀದಿಯ ಜಮಖಾನೆಯನ್ನು ನೋಡಿದವರಿಗೆ ಇನ್ನೊಂದು ಉಪಾಯ ಗೊತ್ತು. 21 ಟನ್ ತೂಕ, 170 ಕೋಟಿ ಗಂಟು, ನಾಲ್ಕು ವರ್ಷದ ಕೆಲಸ; ನೋಡಲು ಬಂದವರನ್ನು ಅದರ ಮೇಲೆ ಹಾಸಿದ ಬೇರೊಂದು ಹಾಸಿನ ಮೇಲೆಯೇ ನಡೆಸುತ್ತಾರೆ. ಕಲೆ ಆಗದಂತೆ ನೋಡುವುದಕ್ಕಿಂತ ಮೇಲಾದ ಮದ್ದಿಲ್ಲ.

ಪಾಲಿಶ್ ಮಾಡಿದ ಮರದ ಮೇಲೆ ಬಿಸಿ ಲೋಟದ ಬಿಳಿ ಉಂಗುರ ಕಂಡರೆ ಅದು ಪಾಲಿಶ್‌ನೊಳಗೆ ಸಿಕ್ಕಿಬಿದ್ದ ತೇವ. ದಪ್ಪ ಬಟ್ಟೆ ಹಾಸಿ ಬೆಚ್ಚಗಿನ ಇಸ್ತ್ರಿಪೆಟ್ಟಿಗೆ ಆಡಿಸಿದರೆ ಸಾಮಾನ್ಯವಾಗಿ ಬಿಡುತ್ತದೆ. ಕಪ್ಪು ಕಲೆಯಾದರೆ ಮರದ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಆದ ಮಸಿ. ಅದಕ್ಕೆ ಆಕ್ಸಾಲಿಕ್ ಆಮ್ಲ ಬೇಕು, ಅದು ವಿಷ, ಬಲ್ಲವರಿಗೆ ಬಿಡುವುದು ಲೇಸು. ಬ್ಲೀಚನ್ನು ರೇಷ್ಮೆ, ಉಣ್ಣೆಗಳ ಹತ್ತಿರ ತರಬೇಡಿ. ನಿಂಬೆರಸ, ವಿನೆಗರ್ ಅಥವಾ ಪಾಯಖಾನೆಯ ಆಸಿಡ್ ಜೊತೆಗೆ ಎಂದೂ ಬೆರೆಸಬೇಡಿ. ಏಳುವ ಕ್ಲೋರಿನ್ ಅನಿಲ ಪ್ರಾಣಕ್ಕೇ ಅಪಾಯ.

ಸೀರೆಯ ಸುದ್ದಿ ಹೇಳಲು ಊರಿಗೆ ಫೋನು ಮಾಡಿದಾಗ ಅಮ್ಮ ಬಯ್ಯಲಿಲ್ಲ. “ಅಗಸರ ಅಜ್ಜನ ಕೈಗೆ ಕೊಟ್ಟಿದ್ದರೆ ಅಂಟುವಾಳದಲ್ಲಿ ನೆನೆಸಿ ಕೊಡುತ್ತಿದ್ದರು. ಈಗ ಅವರೂ ಇಲ್ಲ, ಆ ಮನೆಯಲ್ಲಿ ಯಾರೂ ಆ ಕೆಲಸ ಮಾಡುವುದಿಲ್ಲ” ಎಂದರು. ಅವರ ಹೆಸರೇನೆಂದು ಕೇಳಿದೆವು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಗಸರ ಅಜ್ಜ ಅಂತಲೇ ಕರೆಯುತ್ತಿದ್ದೆವಪ್ಪ. ಹೆಸರು ಯಾರೂ ಕೇಳಿರಲಿಲ್ಲ” ಎಂದರು.

ವರ್ಷಕ್ಕೊಮ್ಮೆ ಕಣದಲ್ಲಿ ಅವರಿಗೆ ಆಯದ ರಾಗಿ ಅಳೆದುಕೊಡುತ್ತಿದ್ದರಂತೆ. ಅವರು ಒಗೆದು ತಂದ ಬಟ್ಟೆಯನ್ನು ನಮ್ಮ ಮನೆಯಲ್ಲಿ ಮತ್ತೊಮ್ಮೆ ನೀರಿನಲ್ಲಿ ಜಾಲಿಸಿದ ಮೇಲೆಯೇ ಮಡಿಯೆಂದು ಉಡುತ್ತಿದ್ದರಂತೆ. ಷೀಲೆ, ಬರ್ತೊಲೆ, ಟೆನೆಂಟ್ ಎಂದು ಗಡಗಡ ಹೇಳಬಲ್ಲ ನಮಗೆ, ನಮ್ಮ ತಾತನ ಪಂಚೆಯನ್ನು ಬದುಕಿದ್ದಷ್ಟು ಕಾಲವೂ ಒಗೆದ ರಸಾಯನ ಶಾಸ್ತ್ರಜ್ಞರ ಹೆಸರು ತಿಳಿಯದು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅವರ ಮೊಮ್ಮಕ್ಕಳ ಮನೆಗೆ ಪಂಚೆಯನ್ನು ಒಯ್ದು, ಹೆಸರು ಕೇಳಿ ಬರೆದುಕೊಳ್ಳಬೇಕೆಂದಿದ್ದೇವೆ. ಅವರು ಒಪ್ಪಿದರೆ ಅಲ್ಲಿಯೇ ಊಟ ಮಾಡಿ ಬರುತ್ತೇವೆ.