ಕೂಸಿನ ಗಂಗಾಳ

ಕೊಪ್ಪಳ ಸೀಮೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಗವಿಮಠದ ಬೆಟ್ಟದ ಅಶೋಕನ ಶಾಸನದಿಂದ ಶುರು ಮಾಡುತ್ತಾರೆ. ಅಲ್ಲಿಂದ ಯಲಬುರ್ಗಾ ಕಡೆಯ ಇಟಗಿಗೆ ಬಂದು 1112ರ ಮಹಾದೇವ ದೇವಾಲಯದ ಮುಂದೆ ನಿಲ್ಲುತ್ತಾರೆ, ಕೊನೆಗೆ ಆನೆಗೊಂದಿಯಿಂದ ಹೊಳೆಯಾಚೆಯ ಹಂಪಿಯನ್ನು ನೋಡಿ ಮುಗಿಸುತ್ತಾರೆ. ನನ್ನ ಕುತೂಹಲ ಇವೆಲ್ಲಕ್ಕಿಂತ ಸಣ್ಣದು. ಈ ನೆಲದಲ್ಲಿ ಎರಡು ವರ್ಷದ ಕೂಸಿನ ಗಂಗಾಳದಲ್ಲಿ ಏನಿರುತ್ತಿತ್ತು? ಅದು ಬಾಯಿ ಬಿಗಿಹಿಡಿದು ಒಲ್ಲೆ ಅಂದಾಗ ಮನೆಯವರು ಏನು ಮಾಡುತ್ತಿದ್ದರು?

ಗ್ರಂಥಗಳಲ್ಲಿ ಹುಡುಕಿದರೆ ಅರಸರ ಊಟವೇ ಸಿಗುತ್ತದೆ. ಇಟಗಿಯ ಗುಡಿ ಕಟ್ಟಿದ ಕಾಲದ ದೊರೆ ಆರನೆಯ ವಿಕ್ರಮಾದಿತ್ಯ. ಅವನ ಮಗ ಮೂರನೆಯ ಸೋಮೇಶ್ವರ ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೆಂದು ಒಂದು ಭಾಗವನ್ನೇ ಮೀಸಲಿಟ್ಟ. ಕನ್ನಡದಲ್ಲಿ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಿದೆ. ಎರಡೂ ಉಂಡು ತಣಿದವರ ಪುಸ್ತಕಗಳು. ಬಡವರ ಗಂಗಾಳಕ್ಕೆ ಲೆಕ್ಕ ಅಂತ ಬಂದದ್ದು ಬರಗಾಲದಲ್ಲಿ.

1876-78ರ ಬರವನ್ನು ನಮ್ಮ ಹಿರಿಯರು ಧಾತು ವರ್ಷದ ಬರ ಎಂದೇ ನೆನೆಯುತ್ತಿದ್ದರು. ಹೊಳೆಯ ಆಚೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ, ಈಚೆ ನಿಜಾಮನ ರಾಜ್ಯ. ಬರದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಒಂದಿಷ್ಟು ಪುಡಿಗಾಸು ಸಾಕೆಂದು ರಿಚರ್ಡ್ ಟೆಂಪಲ್ 1877ರಲ್ಲಿ ಕೂಲಿ ಇಳಿಸಿದ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಬ್ಲ್ಯೂ. ಆರ್. ಕಾರ್ನಿಷ್ ಇದನ್ನು ಕಟುವಾಗಿ ವಿರೋಧಿಸಿದ. ಒಂದೂವರೆ ಪೌಂಡ್ ಧಾನ್ಯವಾದರೂ ಬೇಕು, ಅದರ ಮೇಲೆ ಬೇಳೆ, ಕಾಯಿಪಲ್ಲೆಯೂ ಬೇಕು ಎಂಬುದು ಅವನ ವಾದ. ‘ವಿಟಮಿನ್’ ಎಂಬ ಮಾತು ಹುಟ್ಟಿದ್ದು 1912ರಲ್ಲಿ, ಕಾಸಿಮಿರ್ ಫಂಕ್‌ನಿಂದ. ಅದಕ್ಕೆ 35 ವರ್ಷ ಮೊದಲೇ ಈ ಅಧಿಕಾರಿಗೆ ಬರಿ ಕಾಳಿನಿಂದ ಮನುಷ್ಯ ಬದುಕಲಾರ ಎಂದು ಹೊಳೆದಿತ್ತು. ಕ್ಯಾಂಪುಗಳಲ್ಲಿ ಹೆಣಗಳನ್ನು ಕಣ್ಣಾರೆ ಕಂಡವನು, ಹೊಳೆಯದೆ ಇನ್ನೇನು.

ಬರವಿಲ್ಲದ ವರ್ಷಗಳಲ್ಲಿ ಕುಷ್ಟಗಿ, ಯಲಬುರ್ಗಾ ಕಡೆಯ ಒಣಭೂಮಿ ಏನು ಕೊಡುತ್ತಿತ್ತು? ಎರಿ ಹೊಲದಲ್ಲಿ ಬಿಳಿಜೋಳ, ಕಡಲೆ, ಕುಸುಬಿ, ಮಸಾರಿಯಲ್ಲಿ ಸಜ್ಜೆ, ಹೆಸರು, ಮಡಕಿ, ಶೇಂಗಾ. ಬದುವಿನ ಮೇಲೆ ಬಿತ್ತದೆ ಬೆಳೆಯುವ ಸೊಪ್ಪುಗಳು. ಹಕ್ಕರಕಿಯನ್ನು ಹಸಿಯಾಗಿಯೇ ರೊಟ್ಟಿ ಜೊತೆ ತಿನ್ನುವುದು ಇಂದಿಗೂ ಇದೆ. ಬೇಯಿಸದ್ದರಿಂದ ಅದರ ಸಿ ವಿಟಮಿನ್ ಉಳಿಯುತ್ತದೆ. ಪುಂಡಿಪಲ್ಲೆಗೆ ಜೋಳದ ನುಚ್ಚು, ಕಡಲೆಬೇಳೆ, ಮೇಲೊಂದಿಷ್ಟು ಎಣ್ಣೆ. ಸೊಪ್ಪಿನೊಳಗಿನ ಎ ವಿಟಮಿನ್ನಿನ ಮೂಲವಸ್ತು ಮೈಗೆ ಹತ್ತಬೇಕಾದರೆ ಎಣ್ಣೆಯ ಜಿಡ್ಡು ಬೇಕು. ಅದನ್ನು ಯಾವ ಪುಸ್ತಕವೂ ಹೇಳಿಕೊಡದೆ ಒಗ್ಗರಣೆಯೇ ಮಾಡುತ್ತಿತ್ತು.

ಕೂಸಿಗೆ ಇವೆಲ್ಲ ನೇರವಾಗಿ ಬರುತ್ತಿರಲಿಲ್ಲ. ಬಿಸಿ ರೊಟ್ಟಿಯ ಮೆತ್ತನೆ ಪದರ ಬಿಡಿಸಿ ಹಾಲಿನಲ್ಲೋ ಬ್ಯಾಳಿ ಕಟ್ಟಿನಲ್ಲೋ ನೆನೆಸಿ ಕಿವುಚಿ, ಚೂರು ಬೆಲ್ಲ, ಇದ್ದರೆ ತುಪ್ಪ. ಅಷ್ಟಾದ ಮೇಲೂ ಅದು ಮುಖ ತಿರುಗಿಸಿದರೆ ಹಿರಿಯ ಹೆಂಗಸು ತೀರ್ಪು ಕೊಡುತ್ತಿದ್ದಳು: “ಕೂಸು ಉಣವಲ್ದು, ದೃಷ್ಟಿ ಆಗೇತಿ.” ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಚಟಪಟ ಸದ್ದು, ಎಲ್ಲರ ಸಮಾಧಾನ, ಅರ್ಧ ತಾಸಿನ ನಂತರ ಮತ್ತೆ ತುತ್ತು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲಿ ಒಂದು ಜಾಣತನವಿದೆ ಎಂದು ನನಗನಿಸುತ್ತದೆ. ತಪ್ಪು ಯಾವುದೋ ಕಣ್ಣಿನ ಮೇಲೆ ಹೋಯಿತು, ತಾಯಿಯ ಮೇಲೂ ಬರಲಿಲ್ಲ, ಕೂಸಿನ ಮೇಲೂ ಬರಲಿಲ್ಲ. ಇವತ್ತು ಮಗು ಉಣ್ಣದಿದ್ದರೆ ಎಲ್ಲರ ಬೆರಳು ತಾಯಿಯ ಕಡೆಗೇ. ಹುಟ್ಟಿದಾಗ ಮೂರು ಕೇಜಿ ಇದ್ದ ಕೂಸು ಒಂದು ವರ್ಷಕ್ಕೆ ಒಂಬತ್ತಾಗುತ್ತದೆ. ಎರಡನೆಯ ವರ್ಷದಲ್ಲಿ ಕೂಡಿಸಿಕೊಳ್ಳುವುದು ಎರಡೂವರೆ ಕೇಜಿಯ ಆಸುಪಾಸು. ಹಸಿವು ಕಡಿಮೆಯಾಗುವುದು ಆ ವಯಸ್ಸಿನ ಸಹಜ ಲೆಕ್ಕ. ಹೊಸ ರುಚಿ ಕಂಡರೆ ಹಿಂಜರಿಯುವುದೂ ಆಗಲೇ. ಹತ್ತು ಸಲ ಮುಂದಿಟ್ಟ ಮೇಲೆ ಹನ್ನೊಂದನೆಯ ಸಲ ಬಾಯಿ ತೆರೆದೀತು.

ಇಲ್ಲಿ ದೂರದ ಒಂದು ಪ್ರಯೋಗ ನೆನಪಾಗುತ್ತದೆ. 1920ರ ದಶಕದಲ್ಲಿ ಅಮೆರಿಕದ ಮಕ್ಕಳ ವೈದ್ಯೆ ಕ್ಲಾರಾ ಡೇವಿಸ್, ಆಗಷ್ಟೇ ಮೊಲೆಹಾಲು ಬಿಟ್ಟ ಕೂಸುಗಳ ಮುಂದೆ ಬಗೆಬಗೆಯ ತಿನಿಸಿಟ್ಟು, ಬೇಕಾದ್ದನ್ನು ತಿನ್ನಲಿ ಎಂದು ಬಿಟ್ಟಳು. ನರ್ಸುಗಳು ಒತ್ತಾಯಿಸುವಂತಿಲ್ಲ, ಹೊಗಳುವಂತಿಲ್ಲ, ಬೈಯುವಂತೂ ಇಲ್ಲ. 15 ಕೂಸುಗಳು, 34 ಬಗೆಯ ಆಹಾರ. ಒಂದೊಂದರ ಊಟವೂ ವಿಚಿತ್ರ, ಆದರೆ ಎಲ್ಲವೂ ಚೆನ್ನಾಗಿ ಬೆಳೆದವು. ಡಿ ವಿಟಮಿನ್ ಕೊರತೆಯಿಂದ ಮೂಳೆ ಮೆತ್ತಗಾಗಿದ್ದ ಒಂದು ಕೂಸು ತನ್ನಿಂದ ತಾನೇ ಕಾಡ್ ಮೀನಿನ ಎಣ್ಣೆ ಕುಡಿಯುತ್ತ ಹೋಗಿ, ವಾಸಿಯಾದ ಮೇಲೆ ಬಿಟ್ಟಿತು. ಮಕ್ಕಳ ಮೈಗೆ ತನಗೇನು ಬೇಕೆಂದು ಗೊತ್ತು ಎಂದು ಕುಣಿದವರು ಬಹಳ. ಗುಟ್ಟು ಬೇರೆಯದೇ ಇದೆ ಎಂದು 1939ರಲ್ಲಿ ಡೇವಿಸ್ ತಾನೇ ಹೇಳಿದಳು: ಮುಂದಿಟ್ಟ ಪಟ್ಟಿಯಲ್ಲೇ ಆ ಗುಟ್ಟು. ಅದರಲ್ಲಿ ಸಕ್ಕರೆ ಇರಲಿಲ್ಲ, ಡಬ್ಬಿಯ ತಿನಿಸು ಇರಲಿಲ್ಲ. ಏನನ್ನು ಆರಿಸಿದರೂ ಕೆಡುಕಾಗುವಂತಿರಲಿಲ್ಲ.

ಹಾಗಾದರೆ ನಮ್ಮ ಸೀಮೆಯ ಕೂಸಿನ ಪಟ್ಟಿಯನ್ನು ಬರೆದವರು ಯಾರು?

ಮೊದಲು ಮಳೆ. ಹಳೆಯ ಪಟ್ಟಿಯನ್ನು ಹೊಗಳಿ ಕೂರುವುದು ನನಗೆ ಒಪ್ಪಿಗೆಯಿಲ್ಲ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಶುರು ಮಾಡಿದ ಸಣ್ಣ ಸಂಶೋಧನಾ ಘಟಕ ಬೆಳೆದು 1958ರಲ್ಲಿ ಹೈದರಾಬಾದಿಗೆ ಬಂತು, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಅಲ್ಲಿನ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಾಂತಯ್ಯ 1960ರಲ್ಲಿ ಜೋಳವನ್ನೇ ನಂಬಿದ ದಖ್ಖಣದ ಬಡವರಲ್ಲಿ ಪೆಲ್ಲಾಗ್ರಾ ಕಾಣಿಸುತ್ತದೆ ಎಂದು ಬರೆದರು. ನಯಾಸಿನ್ ಎಂಬ ಬಿ ವಿಟಮಿನ್ನಿನ ಕೊರತೆಯಿಂದ ಬಿಸಿಲು ಬೀಳುವ ಚರ್ಮ ಸುಟ್ಟಂತಾಗುವ ರೋಗ ಅದು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಕಾರಣವೆಂದು ಅವರು ಮಂಡಿಸಿದ ವಾದ ಆಮೇಲೆ ಚರ್ಚೆಗೆ ಒಳಗಾಯಿತು, ಅದಿರಲಿ. ಹಾಲು, ಬ್ಯಾಳಿ, ಸೊಪ್ಪು ಇದ್ದ ಮನೆಯ ಜೋಳ ಬೇರೆ, ಬರಿ ರೊಟ್ಟಿ-ಖಾರದ ಮನೆಯ ಜೋಳ ಬೇರೆ. ಸಂಜೆಯಾದರೆ ತಡವರಿಸುವ ಇರುಳುಗಣ್ಣಿನ ಮಕ್ಕಳು ಈ ಎರಡನೆಯ ಬಗೆಯ ಮನೆಗಳವರು. 1970ರಿಂದ ದೇಶದಲ್ಲಿ ಆರು ತಿಂಗಳಿಗೊಮ್ಮೆ ಎ ವಿಟಮಿನ್ ದ್ರಾವಣ ಕುಡಿಸತೊಡಗಿದ್ದು ಇಂಥ ಮಕ್ಕಳಿಗಾಗಿ. ಒಂಬತ್ತನೆಯ ತಿಂಗಳಿಗೆ ಮೊದಲ ಡೋಸು, ಐದು ವರ್ಷದೊಳಗೆ ಒಟ್ಟು ಒಂಬತ್ತು. ಕೂಸು ಉಗುಳುವುದರೊಳಗೆ ಮೂಗು ಹಿಡಿದು ಕುಡಿಸುವುದೂ ಒಂದು ವಿದ್ಯೆ.

ಎರಡನೆಯದಾಗಿ ಪಟ್ಟಿ ಬರೆದದ್ದು ಕಾಲುವೆ. ಹೈದರಾಬಾದ್, ಮದ್ರಾಸ್ ಸರ್ಕಾರಗಳು 1945ರಲ್ಲಿ ಅಡಿಗಲ್ಲು ಹಾಕಿದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜ ಮಾಡಿತು. ಆಂಧ್ರದಿಂದ ಬಂದ ರೈತರ ‘ಕ್ಯಾಂಪು’ಗಳು ಎದ್ದವು, ರೈಸ್ ಮಿಲ್ಲುಗಳು ಎದ್ದವು. ಹಬ್ಬದ ಅನ್ನ ದಿನದ ಅನ್ನವಾದದ್ದು ಸಣ್ಣ ಸುಖವೇನಲ್ಲ, ರೊಟ್ಟಿ ಬಡಿದು ಸೋತ ಹೆಂಗಸರನ್ನು ಕೇಳಿದರೆ ಗೊತ್ತಾಗುತ್ತದೆ. ಆದರೆ ಮಿಲ್ಲು ಅಕ್ಕಿಯನ್ನು ಬೆಳ್ಳಗೆ ಮಾಡುವಾಗ ತೌಡಿನ ಜೊತೆ ಬಿ ವಿಟಮಿನ್ನೂ ಹೋಗುತ್ತದೆ. ಜಾವಾದಲ್ಲಿ ಪಾಲಿಶ್ ಅಕ್ಕಿ ತಿಂದ ಕೋಳಿಗಳು ಕಾಲು ಸೋತು ಬಿದ್ದದ್ದನ್ನು ಐಕ್‌ಮನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ನೋಡಿದ್ದ. ಒಂದೇ ಬೆಳೆ ಗದ್ದೆ ತುಂಬಿದಾಗ ಅಕ್ಕಡಿಯ ಹೆಸರು, ಮಡಕಿ ಹೋದವು. ಹಕ್ಕರಕಿಯ ಬದುವಿಗೆ ಕಳೆನಾಶಕ ಬಂತು. ಮೆತ್ತಗಿನ ಬಿಳಿ ಅನ್ನ, ಸಪ್ಪೆ ಸಾರು, ಇಷ್ಟನ್ನೇ ಕಲಿತ ನಾಲಿಗೆಗೆ ಪುಂಡಿಯ ಹುಳಿ, ಮೆಂತ್ಯದ ಕಹಿ ಪರಕೀಯವಾಗದೆ ಇದ್ದೀತೆ? ಅಂಗಡಿಯ ಐದು ರೂಪಾಯಿ ಪೊಟ್ಟಣ ಬಂದದ್ದು ಅದರ ಮೇಲೆ.

ಮೂರನೆಯದು ಸರ್ಕಾರ. 1975ರ ಅಕ್ಟೋಬರ್ 2ರಂದು ರಾಜ್ಯದ ಮೊದಲ ಅಂಗನವಾಡಿಗಳು ತೆರೆದದ್ದು ತಿ. ನರಸೀಪುರದಲ್ಲಿ, ನಮ್ಮಿಂದ ಬಹಳ ದೂರ. ಬಿಸಿಯೂಟ ಮಾತ್ರ 2002ರಲ್ಲಿ ಈ ಕಡೆಯ ಜಿಲ್ಲೆಗಳಿಂದಲೇ ಶುರುವಾಯಿತು. ಅದಕ್ಕೆ ಅಕ್ಷರ ದಾಸೋಹ ಎಂದು ಹೆಸರಿಟ್ಟರು. ಗವಿಸಿದ್ಧೇಶ್ವರ ಜಾತ್ರೆಗೆ ಊರೂರಿನಿಂದ ರೊಟ್ಟಿ ಬುಟ್ಟಿಗಳು ಬರುವುದನ್ನು ಕಂಡ ನಾಡಿಗೆ ಆ ಪದದ ಅರ್ಥ ವಿವರಿಸಬೇಕಿಲ್ಲ. 2011ರಲ್ಲಿ ರಾಯಚೂರಿನ ಮಕ್ಕಳ ಅಪೌಷ್ಟಿಕತೆಯ ಸುದ್ದಿ ನ್ಯಾಯಾಲಯದ ಮೆಟ್ಟಿಲೇರಿ, ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಸಮಿತಿ ರಚನೆಯಾಯಿತು. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2021ರ ಡಿಸೆಂಬರಿನಲ್ಲಿ ಕೊಪ್ಪಳ ಸೇರಿ ಏಳು ಜಿಲ್ಲೆಗಳ ಶಾಲೆಗಳಿಗೆ ಮೊಟ್ಟೆ ಬಂತು, ಒಲ್ಲದವರಿಗೆ ಬಾಳೆಹಣ್ಣು.

ಸಿ ಒಂದನ್ನು ಬಿಟ್ಟರೆ ಮೊಟ್ಟೆಯಲ್ಲಿ ಇಲ್ಲದ ವಿಟಮಿನ್ ಇಲ್ಲವೇ ಇಲ್ಲ ಎನ್ನಬಹುದು. ಮೆತ್ತಗಿರುತ್ತದೆ, ಕಹಿಯಿಲ್ಲ, ಸಿಪ್ಪೆಯೊಳಗೆ ಯಾರೂ ಕಲಬೆರಕೆ ಮಾಡಲಾರರು. ಕೆಲವು ಮಠಾಧೀಶರು ವಿರೋಧಿಸಿದಾಗ ಗಂಗಾವತಿಯ ಸರ್ಕಾರಿ ಶಾಲೆಯ ವಿದ್ಯಾರ್ಥಿನಿಯೊಬ್ಬಳು ಕ್ಯಾಮೆರಾ ಮುಂದೆ ನಿಂತು, ಮೊಟ್ಟೆ ನಿಲ್ಲಿಸಿದರೆ ಮಠಕ್ಕೇ ಬಂದು ತಿನ್ನುತ್ತೇವೆ ಎಂಬ ಧಾಟಿಯಲ್ಲಿ ಸವಾಲು ಹಾಕಿದಳು. ಅದನ್ನು ನಾಡೆಲ್ಲ ನೋಡಿತು. ನನಗೆ ತಿಳಿದ ಮಟ್ಟಿಗೆ ಈ ಸೀಮೆಯಲ್ಲಿ ಉಣ್ಣುವವರೇ ಬಾಯಿಬಿಟ್ಟು ಪಟ್ಟಿ ತಿದ್ದಲು ಹೊರಟದ್ದು ಅದೇ ಮೊದಲು.

ಅವಳಿಗೆ ಮಾತು ಬರುತ್ತಿತ್ತು. ಮೂರರಿಂದ ಆರು ವರ್ಷದವರಿಗೆ ಅಂಗನವಾಡಿಯಲ್ಲಿ ಕೂರಿಸಿ ಉಣಿಸುತ್ತಾರೆ, ಅಲ್ಲಿ ಪಕ್ಕದ ಕೂಸು ತಿನ್ನುವುದನ್ನು ನೋಡಿ ಒಲ್ಲದ್ದೂ ಬಾಯಿ ತೆರೆಯುತ್ತದೆ. ಮೂರರ ಒಳಗಿನದು, ಅಂದರೆ ಹಟ ಹೆಚ್ಚಿರುವ ವಯಸ್ಸಿನದು, ಅಲ್ಲಿಗೆ ಬರುವುದಿಲ್ಲ. ಅದರ ಪಾಲಿನ ಪೌಷ್ಟಿಕ ಹಿಟ್ಟು ಪೊಟ್ಟಣದಲ್ಲಿ ಮನೆಗೆ ಹೋಗುತ್ತದೆ. ಮನೆಯಲ್ಲಿ ಅದು ಒಬ್ಬರಿಗೆ ಉಂಡೆ, ಇನ್ನೊಬ್ಬರಿಗೆ ಗಂಜಿ. ತಾಯಿ ಶೇಂಗಾ ಕೀಳಲು ಹೋದ ದಿನ ಕೂಸಿಗೆ ಕಲಸಿ ಉಣಿಸಬೇಕಾದವಳು ಆರು ವರ್ಷದ ಅಕ್ಕ, ಅವಳಿಗೂ ಹಸಿವೆ.