ಲ್ಯಾಟರೈಟ್: ಕಲ್ಲೋ, ಮಣ್ಣೋ, ಅದಿರೋ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ಹೋದರೆ ಮನೆಯ ಗೋಡೆ, ಬಾವಿಕಟ್ಟೆ, ತೋಟದ ಪಾಗಾರ ಎಲ್ಲದರಲ್ಲೂ ತೂತುಗಳಿಂದ ತುಂಬಿದ ಕೆಂಪು ಕಲ್ಲು ಕಾಣುತ್ತದೆ. ಅಲ್ಲಿನವರಿಗೆ ಅದು ಮುರಕಲ್ಲು ಅಥವಾ ಕೆಂಪುಕಲ್ಲು. ಉತ್ತರ ಕನ್ನಡದವರಿಗೆ ಚಿರೆಕಲ್ಲು. ಭೂಗೋಳದ ಪುಸ್ತಕ ತೆರೆದರೆ ‘ಜಂಬಿಟ್ಟಿಗೆ ಮಣ್ಣು’ ಎಂಬ ಹೆಸರು ಸಿಗುತ್ತದೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ಒಂದೇ ಪದ: ಲ್ಯಾಟರೈಟ್. ಹಾಗಾದರೆ ಲ್ಯಾಟರೈಟ್ ಎಂದರೆ ಕಲ್ಲೋ, ಮಣ್ಣೋ? ವಿದ್ಯಾರ್ಥಿಗಳು ಕೇಳುವ ಈ ಪ್ರಶ್ನೆ ವಿಜ್ಞಾನಿಗಳನ್ನೂ ಬಹುಕಾಲ ಕಾಡಿದೆ.

ಹೆಸರು ಬಂದ ಬಗೆ

1799ರಲ್ಲಿ ಟಿಪ್ಪು ಸುಲ್ತಾನನ ಮರಣಾನಂತರ ಕೆನರಾ ಪ್ರದೇಶ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಹೊಸದಾಗಿ ಕೈಸೇರಿದ ನಾಡಿನ ಬೇಸಾಯ, ಕಸುಬು, ವ್ಯಾಪಾರಗಳನ್ನು ತಿಳಿದುಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನನ್ನು ನೇಮಿಸಿದ. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಿ ಮಲಬಾರಿಗೆ ಇಳಿದ. ಅಲ್ಲಿನ ಅಂಗಾಡಿಪುರಂನಲ್ಲಿ ಅವನ ಗಮನ ಸೆಳೆದದ್ದು ಈ ಕಲ್ಲು. 1801ರಲ್ಲಿ ಮಂಗಳೂರಿನಿಂದ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳ ಮೂಲಕ ಕಾರ್ಕಳದತ್ತ ಸಾಗಿದಾಗಲೂ ಅವನು ನಡೆದದ್ದು ಇದೇ ಕೆಂಪು ನೆಲದ ಮೇಲೆ. ಅವನ ಪ್ರವಾಸ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು.

ನೆಲದೊಳಗಿರುವಾಗ ಈ ಕಲ್ಲು ಎಷ್ಟು ಮೃದುವೆಂದರೆ ಯಾವ ಕಬ್ಬಿಣದ ಸಲಕರಣೆಯಿಂದಲಾದರೂ ಕತ್ತರಿಸಬಹುದು. ಹೊರತೆಗೆದು ಗಾಳಿಗೆ ಒಡ್ಡಿದರೆ ಬೇಗನೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ ಎಂದು ಬುಕಾನನ್ ಬರೆದ. ಇಲ್ಲಿನ ಕೆಲವು ಭಾಷೆಗಳಲ್ಲಿ ಇದನ್ನು ಇಟ್ಟಿಗೆ ಕಲ್ಲು ಎಂದೇ ಕರೆಯುತ್ತಾರೆ ಎಂಬುದನ್ನೂ ದಾಖಲಿಸಿದ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ‘ಲೇಟರ್’ ಎಂದು ಹೆಸರು. ಅದರಿಂದ ಅವನು ರಚಿಸಿದ ಪದವೇ ಲ್ಯಾಟರೈಟ್. ಅಂದರೆ ವಿಶ್ವದ ಭೂವಿಜ್ಞಾನಿಗಳು ಬಳಸುವ ಈ ಪದ, ನಮ್ಮ ಕಲ್ಲು ಕಡಿಯುವವರ ಮಾತಿಗೆ ಲ್ಯಾಟಿನ್ ಉಡುಪು ತೊಡಿಸಿದ್ದು. ‘ಜಂಬಿಟ್ಟಿಗೆ’ಯಲ್ಲಿಯೂ ಇಟ್ಟಿಗೆ ಅಡಗಿರುವುದನ್ನು ಗಮನಿಸಿ. ಆ ಇಟ್ಟಿಗೆಯಾದರೂ ಸಂಸ್ಕೃತದ ‘ಇಷ್ಟಕಾ’ ಎಂಬುದರ ತದ್ಭವ. ‘ಪಾರ್ಶ್ವದ’ ಎಂಬರ್ಥದ ಲ್ಯಾಟರಲ್ ಪದಕ್ಕೂ ಇದಕ್ಕೂ ಸಂಬಂಧವಿಲ್ಲ; ಅದು ಬದಿ ಎಂಬರ್ಥದ ‘ಲೇಟಸ್’ನಿಂದ ಬಂದದ್ದು.

ಕಲ್ಲು ಹುಟ್ಟುವ ಬಗೆ

ಈ ತಾಲ್ಲೂಕುಗಳಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆಮೇಲೆ ದೀರ್ಘವಾದ ಒಣ ಬೇಸಗೆ. ತಳದ ನೈಸ್ ಶಿಲೆಯೊಳಕ್ಕೆ ಇಳಿಯುವ ನೀರು ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ಬಹುಪಾಲು ಸಿಲಿಕಾವನ್ನೂ ಕರಗಿಸಿ ಒಯ್ಯುತ್ತದೆ. ಸುಲಭವಾಗಿ ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ಉಳಿಯುತ್ತವೆ. ಲಕ್ಷಾಂತರ ವರ್ಷ ನಡೆದ ಈ ಶಿಥಿಲೀಕರಣದ ಫಲವೇ ‘ಪದವು’ ಎಂದು ಕರೆಯುವ ಸಮತಟ್ಟಾದ ಗುಡ್ಡಗಳ ಗಟ್ಟಿ ನೆತ್ತಿ. ಅದರ ಕೆಳಗೆ ಇರುವುದು ಶೇಡಿ ಮಣ್ಣು. ನೀರು ಕುಡಿದರೆ ಇದು ಬಲ ಕಳೆದುಕೊಂಡು ಜಾರುತ್ತದೆ. ಕೋರೆಯಲ್ಲಿ ಕಡಿದ ಕಲ್ಲು ಗಟ್ಟಿಯಾಗಲು ಕಾರಣ, ತೇವ ಆರಿ ಕಬ್ಬಿಣದ ಆಕ್ಸೈಡುಗಳು ಸ್ಫಟಿಕರೂಪ ತಳೆದು ಕಣಗಳನ್ನು ಬೆಸೆಯುವುದು.

ಬಂಟ್ವಾಳ ತಾಲ್ಲೂಕಿನ ಸುರಂಗಗಳೂ ಈ ಕಲ್ಲಿನ ಗುಣವನ್ನೇ ನಂಬಿವೆ. ಗುಡ್ಡದ ಬದಿಯಿಂದ ಅಡ್ಡಲಾಗಿ ಕೊರೆದರೂ ಆಧಾರವಿಲ್ಲದೆ ಅದು ನಿಲ್ಲುತ್ತದೆ. ತೂತುಗಳಲ್ಲಿ ಇಂಗಿದ ಮಳೆನೀರು ಒಸರುತ್ತದೆ. ಇಂಥ ಸುರಂಗಗಳನ್ನು ಒಬ್ಬರೇ ಕೊರೆದು ಬರಡು ಗುಡ್ಡದಲ್ಲಿ ತೋಟ ಬೆಳೆಸಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಲಭಿಸಿತು.

ಅರ್ಥಗಳು ಕವಲೊಡೆದದ್ದು

ಬುಕಾನನ್‌ನ ದೃಷ್ಟಿಯಲ್ಲಿ ಲ್ಯಾಟರೈಟ್ ಒಂದು ಕಟ್ಟಡದ ಸಾಮಗ್ರಿ. ಕಡಿಯಬಲ್ಲ, ಆರಿದರೆ ಗಟ್ಟಿಯಾಗುವ ಗುಣವೇ ಅದರ ಲಕ್ಷಣ. 1898ರಲ್ಲಿ ಜರ್ಮನಿಯ ಮ್ಯಾಕ್ಸ್ ಬಾವರ್ ಸೆಶೆಲ್ಸ್ ದ್ವೀಪಗಳ ಮಾದರಿಗಳನ್ನು ವಿಶ್ಲೇಷಿಸಿ, ಅವು ಸಂಯೋಜನೆಯಲ್ಲಿ ಬಾಕ್ಸೈಟನ್ನು ಹೋಲುತ್ತವೆ ಎಂದು ತೋರಿಸಿದ. ಅಲ್ಲಿಂದ ಮುಂದೆ ಲಕ್ಷಣಕ್ಕಿಂತ ರಾಸಾಯನಿಕ ಸಂಯೋಜನೆ ಮುಖ್ಯವಾಯಿತು. 1911ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣದ ಲೂಯಿ ಫರ್ಮರ್ ಬರೆದ ಲೇಖನದ ಶೀರ್ಷಿಕೆಯೇ ‘ಲ್ಯಾಟರೈಟ್ ಎಂದರೇನು?’ ಸಂಯೋಜನೆಯ ಕಟ್ಟುನಿಟ್ಟಿನ ಅಳತೆಗೋಲು ಹಿಡಿದರೆ, ಮರಳು ಮತ್ತು ಜೇಡಿ ಬೆರೆತ ಕರಾವಳಿಯ ಎಷ್ಟೋ ಮುರಕಲ್ಲು ಲ್ಯಾಟರೈಟ್ ಎನಿಸಿಕೊಳ್ಳುವುದೇ ಕಷ್ಟ!

ಮಣ್ಣು ವಿಜ್ಞಾನಿಗಳು ಉಷ್ಣವಲಯದ ಕೆಂಪು ಮಣ್ಣುಗಳಿಗೆಲ್ಲ ಈ ಹೆಸರನ್ನು ಹಬ್ಬಿಸಿದರು. ಗಣಿಗಾರಿಕೆಯವರು ನ್ಯೂ ಕ್ಯಾಲಿಡೋನಿಯದಲ್ಲಿ ನಿಕ್ಕಲ್ ದೊರೆಯುವ ಅದಿರನ್ನೂ ಲ್ಯಾಟರೈಟ್ ಎಂದರು. ಅದನ್ನು ಕಡಿದು ಯಾರೂ ಮನೆ ಕಟ್ಟುವುದಿಲ್ಲ.

ಪದದ ಗೊಂದಲ, ನೆಲದ ಚಿಂತೆ

ಈ ಗೊಂದಲ ಪುಸ್ತಕಗಳಲ್ಲೇ ಉಳಿಯಲಿಲ್ಲ. ಉಷ್ಣವಲಯದ ಕಾಡು ಕಡಿದು ಉತ್ತರೆ ಲ್ಯಾಟರೈಟ್ ಮಣ್ಣೆಲ್ಲ ಇಟ್ಟಿಗೆಯಾಗಿಬಿಡುತ್ತದೆ ಎಂಬ ಭಯ 1960ರ ದಶಕದಲ್ಲಿ ವ್ಯಾಪಕವಾಗಿ ಹರಡಿತು. ಹಾಗೆ ಗಟ್ಟಿಯಾಗುವ ಪದರ ಉಷ್ಣವಲಯದ ಅಲ್ಪ ಭಾಗದಲ್ಲಿ ಮಾತ್ರ ಇದೆ ಎಂದು ಮುಂದಿನ ಅಧ್ಯಯನಗಳು ತಿಳಿಸಿದವು. ಬೆಳ್ತಂಗಡಿಯ ಅಡಿಕೆ ತೋಟದ ಕೆಂಪು ಮಣ್ಣನ್ನು ತಲೆಮಾರುಗಳಿಂದ ಅಗೆಯುತ್ತಿದ್ದರೂ ಅದು ಕಲ್ಲಾಗಿಲ್ಲ. ಪದವಿನ ಮುರಕಲ್ಲಿನ ಮಾತು ಬೇರೆ. ಒಂದೇ ಹೆಸರು ಎರಡಕ್ಕೂ ಅಂಟಿದ್ದರಿಂದ ಒಂದರ ಗುಣವನ್ನು ಇನ್ನೊಂದಕ್ಕೆ ಹೊರಿಸಲಾಗಿತ್ತು.

ಗೊಂದಲ ತಪ್ಪಿಸಲು ಅಮೆರಿಕದ ಮಣ್ಣು ವಿಜ್ಞಾನಿಗಳು 1960ರ ತಮ್ಮ ವರ್ಗೀಕರಣದಲ್ಲಿ ಲ್ಯಾಟರೈಟನ್ನು ಕೈಬಿಟ್ಟು, ಗಟ್ಟಿಯಾಗಬಲ್ಲ ಪದರಕ್ಕೆ ‘ಪ್ಲಿಂಥೈಟ್’ ಎಂದು ಹೆಸರಿಟ್ಟರು. ಇದರ ಮೂಲ ಗ್ರೀಕ್ ಭಾಷೆಯ ‘ಪ್ಲಿಂಥೋಸ್’. ಅದರ ಅರ್ಥ? ಇಟ್ಟಿಗೆ!

ಇಟ್ಟಿಗೆಯ ಹೋಲಿಕೆ ಅಷ್ಟು ಸರಿಯಾಗಿದೆ. ಅಂಗಾಡಿಪುರಂನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ 1979ರಲ್ಲಿ ನೆಟ್ಟ ಸ್ಮಾರಕ ಫಲಕವೂ ಈ ನಾಮಕರಣವನ್ನು ನೆನಪಿಸುತ್ತದೆ. ತರಗತಿಯಲ್ಲಿ ಲ್ಯಾಟರೈಟ್ ಎಂದಾಗ ಮುರಕಲ್ಲೋ, ಕೆಂಪು ಮಣ್ಣೋ, ಅದಿರೋ ಎಂಬುದನ್ನು ಸ್ಪಷ್ಟಪಡಿಸುವುದು ಒಳಿತು. ಕೋರೆಯಿಂದ ಹೊಸದಾಗಿ ತಂದ ಕಲ್ಲನ್ನೂ ಹಳೆಯ ಗೋಡೆಯ ಕಲ್ಲನ್ನೂ ಮೊಳೆಯಿಂದ ಗೀರಿಸಿ ನೋಡಿ. ಬುಕಾನನ್ ಗಮನಿಸಿದ ವ್ಯತ್ಯಾಸ ವಿದ್ಯಾರ್ಥಿಗಳ ಕೈಗೇ ತಿಳಿಯುತ್ತದೆ.