ಬಗ್ಗಿದ ತಂತಿ ವಾಪಸ್ ಯಾಕೆ ಬರಲ್ಲ? (ಭಾಗ 3)

ತೊಂಡೇಬಾವಿ ಸ್ಟೇಷನ್‌ನಲ್ಲಿ ಟ್ರೈನಿಗೆ ಕಾಯ್ತಾ ಪೇಪರ್ ಕ್ಲಿಪ್ ಬಗ್ಗಿಸಿದೆ. ಹಾಗೇ ಉಳೀತು. ಅಲ್ಲೇ ಮತ್ತೆ ಮತ್ತೆ ಬಗ್ಗಿಸಿದ್ರೆ ಬಿರುಸಾಗಿ ಮುರಿಯುತ್ತೆ. ತಾಮ್ರದ ಪಾತ್ರೆ ಬಡಿಯೋರಿಗೆ ಇದು ಯಾವತ್ತೋ ಗೊತ್ತು, ಅದಕ್ಕೇ ನಡುನಡುವೆ ಕಾಯಿಸ್ತಾರೆ. ಕಾರಣ ಗೊತ್ತಾಗಿದ್ದು ಮಾತ್ರ ಮೊನ್ನೆ ಮೊನ್ನೆ.

ಲೋಹ ಅಂದ್ರೆ ಸಣ್ಣ ಸಣ್ಣ ಹರಳುಗಳ ರಾಶಿ. 1921ರಲ್ಲಿ ಲಂಡನ್‌ನ ಕಾನ್‌ಸ್ಟನ್ಸ್ ಈಲಮ್, ಪ್ರೊಫೆಸರ್ ಕಾರ್ಪೆಂಟರ್ ಜೊತೆ, ಇಡೀ ತುಂಡೇ ಒಂದೇ ಹರಳಾಗಿರೋ ಅಲ್ಯೂಮಿನಿಯಂ ಬೆಳೆಸಿದರು. 1923ರಲ್ಲಿ (ನಮ್ ಭದ್ರಾವತಿ ಕಬ್ಬಿಣದ ಕಾರ್ಖಾನೆ ಶುರುವಾದ ವರ್ಷ) ಆಕೆ ಮತ್ತು ಜಿ. ಐ. ಟೇಲರ್ ಅಂಥ ಹರಳನ್ನ ಎಳೆದು, ಮೈಮೇಲೆ ಗೀಚಿದ್ದ ಗೆರೆಗಳನ್ನ ಅಳೆದರು. ಹರಳು ಇಸ್ಪೀಟ್ ಕಟ್ಟಿನ ಥರ ಪದರ ಪದರವಾಗಿ ಜಾರಿತ್ತು!

ಆದ್ರೆ ನಮ್ ಬಿಕಾಂ ಬ್ಯಾಲೆನ್ಸ್ ಶೀಟ್ ಥರ ಲೆಕ್ಕ ಟ್ಯಾಲಿ ಆಗಲಿಲ್ಲ. 1926ರ ಫ್ರೆಂಕೆಲ್ ಲೆಕ್ಕದಲ್ಲಿ ಜಾರೋಕೆ ಬೇಕಾದ ಬಲ, ನಿಜವಾದದ್ದಕ್ಕಿಂತ ಸಾವಿರಾರು ಪಟ್ಟು ಜಾಸ್ತಿ. 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಬೇರೆ ಬೇರೆಯಾಗಿ ಒಂದೇ ಉತ್ತರ ಕೊಟ್ಟರು: ಇಡೀ ಪದರ ಒಟ್ಟಿಗೆ ಜಾರಲ್ಲ. ಮದುವೆಮನೆ ಜಮಖಾನ ಎಳೆದ್ರೆ ಬರಲ್ಲ, ಒಂದು ಸುಕ್ಕು ಮಾಡಿ ತಳ್ಕೊಂಡು ಹೋದ್ರೆ ಸರಿಯುತ್ತಲ್ಲ, ಹಾಗೆ. ಹರಳೊಳಗಿನ ಆ ಸುಕ್ಕೇ ಡಿಸ್‌ಲೊಕೇಶನ್. ಸುಕ್ಕುಗಳು ಜಾಸ್ತಿಯಾಗಿ ಒಂದಕ್ಕೊಂದು ಸಿಕ್ಕಾಕೊಂಡ್ರೆ ಲೋಹ ಬಿರುಸು.

1934 ಅಂದ್ರೆ ಈ ಮೂರು ಹೆಸರು ಎಲ್ಲರೂ ಹೇಳ್ತಾರೆ. ಹರಳು ಬೆಳೆಸಿದಾಕೆ ಹೆಸರು ನಾನೇ ಹುಡುಕಿ ತೆಗೀಬೇಕಾಯ್ತು. 1935ರಲ್ಲಿ ಆಕೆ ಲೋಹದ ಹರಳುಗಳ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದಿದ್ದಾರೆ.